ಸರ್ವರ್, ಆಫ್ ಮಾಡಬೇಡಿ

ಆ ಕಂಪ್ಯೂಟರಿನ ನೆತ್ತಿಯ ಮೇಲೆ ಐದು ತಿಂಗಳು ಒಂದು ಬಿಳಿ ಚೀಟಿ ಅಂಟಿಕೊಂಡಿತ್ತು: ‘ಸರ್ವರ್. ಆಫ್ ಮಾಡಬೇಡಿ.’ ಬರೆದದ್ದು ಅದರ ಮುಂದೆ ಕೂರುವ ನಕ್ಷೆಗಾರ. ಎಲ್ಲ ಅಕ್ಷರಗಳೂ ಒಂದೇ ಎತ್ತರ, ಅಳೆದಿಟ್ಟಂಥ ಅಂತರ. ಇಪ್ಪತ್ತೆಂಟು ವರ್ಷ ಕಟ್ಟಡಗಳ ನಕ್ಷೆ ಬರೆದ ಕೈ ಅದು. ಚೀಟಿ ಹಚ್ಚಿದ್ದು ಯಂತ್ರಕ್ಕಾದರೂ ಹೆಸರು ಅಂಟಿದ್ದು ಮನುಷ್ಯನಿಗೆ. ವಾರ ಕಳೆಯುವುದರೊಳಗೆ ಕಚೇರಿಯ ಅಷ್ಟೂ ಜನಕ್ಕೆ ಆತ ‘ಸರ್ವರ್’ ಆಗಿಬಿಟ್ಟ.

“ಸರ್ವರ್, ಎರಡು ಸೆಟ್ ನಕ್ಷೆ, ಬಿಸಿಬಿಸಿ ಇರಲಿ!” ಎಂದು ಕಿರಿಯ ನಕ್ಷೆಗಾರರು ತಮ್ಮ ಮೇಜಿನಿಂದಲೇ ಕೂಗುತ್ತಿದ್ದರು.

“ಕೂತಿರಿ ಕೂತಿರಿ, ಟೇಬಲ್ ಒರೆಸಿ ತರ್ತೀನಿ,” ಎನ್ನುತ್ತಿದ್ದ ಈತ.

ತಮಾಷೆ ಆತನಿಗೆ ಇಷ್ಟವಾಗಿತ್ತು. ಇಷ್ಟವಾಗುವುದಕ್ಕೆ ಕಾರಣವೂ ಇತ್ತು. ಐವತ್ತೆರಡರ ಆತ ಮೂರು ದಿನ ತೆಗೆದುಕೊಳ್ಳುವ ನಕ್ಷೆಯನ್ನು ಆ ಕಿರಿಯರು ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದರು. ಹೊಸ ಕೆಲಸ ಬಂದಾಗ ಯಜಮಾನರ ಕಣ್ಣು ಮೊದಲು ಅವರ ಮೇಜಿನ ಕಡೆಗೆ ಹೋಗುವುದನ್ನು ಆತ ಗಮನಿಸಿದ್ದ. ಯಾರೂ ಏನೂ ಅಂದಿರಲಿಲ್ಲ. ಅನ್ನದೆ ಇರುವುದೇ ಕಿವಿಗೆ ಜೋರಾಗಿ ಕೇಳುವ ವಯಸ್ಸು ಅದು.

ಕಚೇರಿ ಮೊದಲ ಮಹಡಿಯಲ್ಲಿದೆ. ಕೆಳಗೆ ಬೀಗ, ಕೀಲಿ, ಬಾಗಿಲ ಚಿಲಕಗಳ ಅಂಗಡಿ. ಮೆಟ್ಟಿಲು ಹತ್ತಿದರೆ ಮುಂಬಾಗಿಲಲ್ಲೇ ಫೋನಿನ ಮೇಜು, ಅದರಾಚೆ ನಕ್ಷೆ ಬರೆಯುವ ಕೋಣೆ, ಎಡಕ್ಕೆ ಯಜಮಾನರ ಕೋಣೆ, ಹಿಂದೆ ಕಿಟಕಿಯಿಲ್ಲದ ಫೈಲು ಕೋಣೆ. ಇವೆಲ್ಲವನ್ನೂ ಸೇರಿಸುವ ಓಣಿಯಂಥ ಜಾಗದಲ್ಲಿ ಕುಡಿಯುವ ನೀರಿನ ಕ್ಯಾನು, ಒಂದು ಕಬ್ಬಿಣದ ಕಪಾಟು, ಅದಕ್ಕೆ ಒರಗಿಕೊಂಡಂತೆ ಪ್ರಿಂಟರುಗಳು, ನಕ್ಷೆಗಳಿಗೊಂದು ದೊಡ್ಡದು, ಪತ್ರಗಳಿಗೊಂದು ಚಿಕ್ಕದು. ನೀರು ಕುಡಿಯಲು ಬಂದವರು ಪ್ರಿಂಟರಿನ ಮುಂದೆ ನಿಲ್ಲಲೇಬೇಕು, ಪ್ರಿಂಟಿಗೆ ಬಂದವರಿಗೆ ಬಾಯಾರಲೇಬೇಕು. ಕಚೇರಿಯ ಮಾತುಕತೆಯೆಲ್ಲ ಅಲ್ಲೇ.

ಆ ಚೀಟಿ ಅಂಟುವುದಕ್ಕೂ ಹಿಂದೆ ಪ್ರಿಂಟು ತೆಗೆಯಬೇಕಾದವರು ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು. ಅದು ಸಾಕಾಗಿಹೋಗಿ ಯಜಮಾನರು ಕಂಪ್ಯೂಟರ್ ಜಾಲದ ಕೆಲಸ ಮಾಡುವ ಒಬ್ಬ ಹೆಂಗಸನ್ನು ಕರೆಸಿದರು. ನಲವತ್ತರ ಆಸುಪಾಸಿನ ಆಕೆ ತನ್ನ ಏಣಿಯನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಅಂದಿನಿಂದ ಎಲ್ಲರಿಗೂ ‘ಕೇಬಲಕ್ಕ’. ಮೂರು ದಾರಿಗಳಿವೆ ಎಂದಳು. ಒಂದು, ಪ್ರಿಂಟರಿನ ಪಕ್ಕ ಅಂಗೈಯಗಲದ ಪೆಟ್ಟಿಗೆಯೊಂದನ್ನು ಇಟ್ಟು ಎಲ್ಲರ ಕಂಪ್ಯೂಟರುಗಳೂ ನೇರವಾಗಿ ಅದಕ್ಕೇ ಕಳಿಸುವುದು. ಎರಡು, ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ಈ ಕೆಲಸಕ್ಕೆಂದೇ ಮೀಸಲಿಡುವುದು. ಮೂರು, ಈಗಿರುವವರಲ್ಲೇ ಒಬ್ಬರ ಕಂಪ್ಯೂಟರಿಗೆ ಪ್ರಿಂಟರನ್ನು ಕಟ್ಟಿ, ಎಲ್ಲರ ಪ್ರಿಂಟೂ ಅದರ ಮೂಲಕ ಹಾಯುವಂತೆ ಮಾಡುವುದು; ಅಂಥ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ.

“ನನ್ನ ಕೇಳಿದ್ರೆ ಪೆಟ್ಟಿಗೆ ಒಳ್ಳೇದು,” ಎಂದಳು ಕೇಬಲಕ್ಕ. “ಇದಕ್ಕೆ ನೆನಪು ಅಂತಿಲ್ಲ. ಬಂದಿದ್ದು ಕೊಡುತ್ತೆ, ಮರೆತುಬಿಡುತ್ತೆ. ತಲೆನೋವಿಲ್ಲ.”

“ನೆನಪಿಲ್ಲದ್ದು ಆಫೀಸಿಗೆ ಯಾಕಮ್ಮ?” ಎಂದ ನಕ್ಷೆಗಾರ. “ಒಂದು ನಕ್ಷೆ ಸೈಟಲ್ಲಿ ಹರಿದುಹೋಯ್ತು ಅನ್ನು. ಬರೆದೋನು ರಜದಲ್ಲಿದಾನೆ. ಆವಾಗ? ನನ್ನ ಮೆಷಿನ್ನಲ್ಲಾದ್ರೆ ಉಳಿದಿರುತ್ತೆ, ಇನ್ನೊಂದ್ಸಲ ಹೊಡೀಬಹುದು.”

ಮಾತಿನಲ್ಲಿ ಹುರುಳಿತ್ತು. ಯಜಮಾನರು ತಲೆಯಾಡಿಸಿದರು. “ನೀನು ಹೇಳಿದ ಮೇಲೆ ಮುಗೀತು. ಸರ್ವರ್ ಅಂದ್ರೆ ಸರ್ವರದ್ದೂ ನೋಡ್ಕೊಳ್ಳೋನು,” ಎಂದು ತಮ್ಮ ಚಮತ್ಕಾರಕ್ಕೆ ತಾವೇ ನಕ್ಕರು.

ಪ್ರಿಂಟಾದ ಮೇಲೂ ಕಡತವನ್ನು ಉಳಿಸಿಕೊಳ್ಳಬೇಕೆಂದರೆ ಪರದೆಯ ಮೇಲಿನ ಒಂದು ಚೌಕದಲ್ಲಿ ಗುರುತು ಹಾಕಬೇಕು. ಕೇಬಲಕ್ಕ ಏಣಿ ಹೊತ್ತು ಕೆಳಗಿಳಿದ ಮೇಲೆ ಆತ ಆ ಗುರುತನ್ನು ತಾನೇ ಹಾಕಿದ. ನಕ್ಷೆಗಳ ದೊಡ್ಡ ಪ್ರಿಂಟರಿಗೆ ಮಾತ್ರ ಸಾಕಿತ್ತು. ಪತ್ರಗಳನ್ನು ಮುದ್ರಿಸುವ ಚಿಕ್ಕದಕ್ಕೂ ಹಾಕಿದ. ಯಾರಿಗೂ ಹೇಳಲಿಲ್ಲ.

ಆಮೇಲಿನದು ಸಣ್ಣ ಚಟ. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ಆತ ತನ್ನ ಡಬ್ಬಿಯನ್ನು ಮೇಜಿನ ಮೇಲೇ ಬಿಚ್ಚಿ, ಉಳಿದುಕೊಂಡ ಕಡತಗಳ ಪಟ್ಟಿ ತೆರೆಯುತ್ತಿದ್ದ. ಯಾರು, ಯಾವ ಹೊತ್ತಿಗೆ, ಎಷ್ಟು ಹಾಳೆ, ಫೈಲಿನ ಹೆಸರೇನು. ಒಳಗೇನಿದೆ ಎಂದು ಅದರಲ್ಲಿ ಕಾಣುವುದಿಲ್ಲ. ಹೆಸರುಗಳೇ ಸಾಕಷ್ಟು ಹೇಳುತ್ತಿದ್ದವು. ಕಿರಿಯ ನಕ್ಷೆಗಾರನೊಬ್ಬ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾನೆ. ಫೋನಿನ ಮೇಜಿನಾಕೆ ಮಗಳ ಶಾಲೆಯ ಯೋಜನೆಯನ್ನು ಬಣ್ಣದಲ್ಲಿ ತೆಗೆದಿದ್ದಾಳೆ. ಯಜಮಾನರಿಗೆ ನಿದ್ದೆ ಬರುವುದಿಲ್ಲ. ‘ನಿದ್ದೆಗೆ ಹತ್ತು ಉಪಾಯ’ ಎಂಬುದನ್ನು ಎರಡು ಸಲ ಮುದ್ರಿಸಿಕೊಂಡಿದ್ದಾರೆ. ಇದನ್ನೆಲ್ಲ ಇಟ್ಟುಕೊಂಡು ಆತ ಏನನ್ನೂ ಮಾಡಲಿಲ್ಲ. ಬರಿದೇ ತಿಳಿದುಕೊಂಡಿದ್ದ. ಸಂಜೆ ಮೆಟ್ಟಿಲಿಳಿಯುವಾಗ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು, ಅಷ್ಟೆ.

ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಅರ್ಥವಾಗಲಿಲ್ಲ. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ, ಫೈಲು ಕೋಣೆಯಿಂದ, ‘ರಿಜಿಸ್ಟರ್’, ನಲವತ್ತಾರು ಹಾಳೆ.

ಫೈಲು ಕೋಣೆ ಫೈಲಕ್ಕನದು. ಈತ ಕೆಲಸಕ್ಕೆ ಸೇರಿದ ದಿನ ಆಕೆ ಆಗಲೇ ಆ ಕೋಣೆಯಲ್ಲಿದ್ದಳು. ಮೊದಲ ವಾರ ಆತ ತಪ್ಪು ಅಳತೆ ಹಾಕಿ ಕೆಡಿಸಿದ ಹಾಳೆಯೊಂದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡು ಮನೆಗೊಯ್ದವಳು. “ಒಲೆಗಾಗುತ್ತೆ ಬಿಡೋ,” ಎಂದಿದ್ದಳು. ಎರಡು ಸಾವಿರ ಚಿಲ್ಲರೆ ಫೈಲುಗಳಲ್ಲಿ ಯಾವುದನ್ನು ಕೇಳಿದರೂ ನಿಮಿಷದೊಳಗೆ ತಂದಿಡುವುದು, ಹೊಸದು ಬಂದರೆ ಕಂಪ್ಯೂಟರಿನ ರಿಜಿಸ್ಟರಿನಲ್ಲಿ ನಮೂದಿಸುವುದು ಆಕೆಯ ಕೆಲಸ. ಕಂಪ್ಯೂಟರಿನಲ್ಲೇ ಇರುವುದನ್ನು ವಾರಾವಾರ ಹಾಳೆಗೆ ಯಾಕೆ ಇಳಿಸಬೇಕು?

ಒಂದು ಮಧ್ಯಾಹ್ನ ಆತ ಆ ಸಾಲನ್ನು ಆಯ್ದು ಮತ್ತೆ ಮುದ್ರಿಸಿದ. ಬಂದ ಹಾಳೆಯ ತುಂಬ ಎರಡೇ ಸಾಲು. ‘1184’, ಅದರ ಕೆಳಗೆ ‘ಕಪಾಟು 7, ಮೇಲಿನ ಹಲಗೆ’. ಅಂಕಿಗಳು ಅಂಗೈಯುದ್ದ. ಎರಡನೆಯ ಹಾಳೆಯೂ ಹಾಗೇ, ಮೂರನೆಯದೂ. ಐದನೆಯ ಹಾಳೆಯ ಹೊತ್ತಿಗೆ ಆತನಿಗೆ ಅರ್ಥವಾಯಿತು. ಆಕೆಗೆ ಕಣ್ಣು ಹೋಗುತ್ತಿದೆ. ತೀರ ಈಚೆಗೆ ಬಂದ, ಜಾಗ ಬದಲಾದ ನಲವತ್ತಾರು ಫೈಲುಗಳನ್ನು ಪ್ರತಿ ವಾರ ದಪ್ಪಕ್ಷರದಲ್ಲಿ ಮನೆಗೊಯ್ದು, ಶನಿವಾರ ಭಾನುವಾರ ಕೂತು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದಾಳೆ.

ಆತ ಯಾರಿಗೂ ಹೇಳಲಿಲ್ಲ. ಅದನ್ನು ತನ್ನ ಒಳ್ಳೆಯತನವೆಂದೇ ಅಂದುಕೊಂಡ. ಆಕೆಯನ್ನೂ ಕೇಳಲಿಲ್ಲ. ಬದಲಿಗೆ ಆಕೆಯ ಜೊತೆ ಸ್ವಲ್ಪ ಜೋರಾಗಿ, ರೋಗಿಗಳೊಂದಿಗೆ ಮಾತಾಡುವಂತೆ ಮಾತಾಡತೊಡಗಿದ. ಚೀಟಿ ಕೊಡುವಾಗ ಅದರಲ್ಲಿರುವ ಅಂಕಿಯನ್ನು ಓದಿ ಹೇಳುತ್ತಿದ್ದ.

“ಯಾಕೋ ಓದಿ ಹೇಳ್ತೀಯಾ?” ಎಂದಳು ಆಕೆ ಒಮ್ಮೆ. “ನಂಗೇನು ಕಣ್ಣಿಲ್ವಾ?”

“ಅಯ್ಯೋ, ಅಭ್ಯಾಸ ಅಕ್ಕ,” ಎಂದು ನಕ್ಕ. ಆಕೆಯೂ ನಕ್ಕಳು. ಆ ನಗುವಿನಲ್ಲಿ ಏನಿತ್ತೆಂದು ನೋಡುವ ಧೈರ್ಯ ಆತನಿಗಾಗಲಿಲ್ಲ.

ಹೀಗೆ ಮೂರು ತಿಂಗಳು.

ಅಷ್ಟರಲ್ಲಿ ಪ್ರಿಂಟು ನಿಧಾನವಾಯಿತು. ಒಂದು ಪತ್ರ ಒತ್ತಿದರೆ ನೀರು ಕುಡಿದು, ಮುಖ ತೊಳೆದು ಬಂದರೂ ಹಾಳೆ ಹೊರಬರುತ್ತಿರಲಿಲ್ಲ. ಉಳಿಸಿಕೊಂಡ ಕಡತಗಳೆಲ್ಲ ತುಂಬಿ ಆತನ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಕಾರಣ ಆತನಿಗೆ ಗೊತ್ತಿತ್ತು. “ಹಳೇದಾಯ್ತು ಸಾರ್,” ಎನ್ನುತ್ತಿದ್ದ. ಕೊನೆಗೆ ಯಜಮಾನರು ತಾವೇ ಫೋನು ಮಾಡಿ, ಸೋಮವಾರ ಹನ್ನೊಂದಕ್ಕೆ ಬರುವಂತೆ ಕೇಬಲಕ್ಕನಿಗೆ ಹೇಳಿದರು.

ಸೋಮವಾರ ಹತ್ತೂವರೆಗೆ ಆತ ಪಟ್ಟಿ ತೆರೆದ. ಕೇಬಲಕ್ಕ ಬಂದು ನೋಡುವ ಮುನ್ನ ಎಲ್ಲ ಅಳಿಸಿಬಿಡಬೇಕು. ನಾನೂರ ಹನ್ನೆರಡು ಕಡತ. ಎಲ್ಲವನ್ನೂ ಒಟ್ಟಿಗೆ ಆಯ್ದ. ಮೌಸಿನ ಬಲಗಿವಿ ಹಿಂಡಿದಾಗ ಒಂದು ಪುಟ್ಟ ಪಟ್ಟಿ ಇಳಿಯುತ್ತದೆ. ಅದರಲ್ಲಿ ‘ರೀಸ್ಟಾರ್ಟ್’, ಎಂದರೆ ಮೊದಲಿನಿಂದ ಮುದ್ರಿಸು, ಅದರ ಕೆಳಗೇ ‘ಕ್ಯಾನ್ಸಲ್’. ಎರಡರ ನಡುವೆ ಇರುವುದು ಅಕ್ಕಿಕಾಳಿನಷ್ಟು ಜಾಗ. ಮೆಟ್ಟಿಲ ಮೇಲೆ ಏಣಿ ತಗುಲಿದ ಸದ್ದಾಯಿತು. ಕೇಬಲಕ್ಕ ಬೇಗ ಬಂದಳೆಂದು ಆತ ತಲೆ ಎತ್ತಿದ. ಬೆರಳು ಒತ್ತಿತು. ಒತ್ತಿದ್ದು ಮೇಲಿನದನ್ನು.

ಸದ್ದು ಕೆಳಗಿನ ಅಂಗಡಿಯವರು ಬಾಗಿಲು ಎತ್ತಿಡುತ್ತಿದ್ದದ್ದು ಎಂದು ಆಮೇಲೆ ಗೊತ್ತಾಯಿತು.

ಓಣಿಯಲ್ಲಿ ಪ್ರಿಂಟರು ಒಮ್ಮೆ ಗಂಟಲು ಸರಿಮಾಡಿಕೊಂಡು ಶುರುಮಾಡಿತು. ಐದು ತಿಂಗಳಲ್ಲಿ ಕಚೇರಿ ಮುದ್ರಿಸಿದ್ದನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಉಗುಳತೊಡಗಿತು. ಆತ ರದ್ದುಗುಂಡಿಯನ್ನು ಒತ್ತಿದ, ಮತ್ತೆ ಒತ್ತಿದ. ಏದುಸಿರಿನ ಕಂಪ್ಯೂಟರು ಪರದೆ ಬಿಳಿಚಿಕೊಂಡು ಕೂತುಬಿಟ್ಟಿತು. ಓಡಿಹೋಗಿ ಪ್ಲಗ್ಗು ಕೀಳಬೇಕಿತ್ತು. ಪ್ಲಗ್ಗು ಕಪಾಟಿನ ಹಿಂದಿತ್ತು, ಕಪಾಟಿನ ಮುಂದೆ ಆಗಲೇ ಜನ.

“ಬನ್ನಿ ಬನ್ನಿ, ಸರ್ವರಿಗೂ ಪ್ರಸಾದ!” ಎಂದು ಫೋನಿನ ಮೇಜಿನಾಕೆ ಹಾಳೆಗಳನ್ನು ಎತ್ತಿ ಹಂಚತೊಡಗಿದಳು. “ಇದು ಯಾರದು, ಅರ್ಜಿ? ‘ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ...’ ಓಹೋ! ತಗೊಳಪ್ಪ ಮಹರಾಯ, ನಿಂದೇ ಇದು.”

ಕಿರಿಯ ನಕ್ಷೆಗಾರ ಹಾಳೆಯನ್ನು ಕಿತ್ತುಕೊಂಡು ಕೆಂಪಾದ. “ಹಳೇದು ಇದು. ಸುಮ್ನೆ ಬರೆದಿದ್ದು.”

“ಅಯ್ಯಯ್ಯೋ, ಇದೇನಿದು? ಮಗ್ಗಿ ಪುಸ್ತಕಾನಾ? ನೋಡಿ, ಎಷ್ಟು ದಪ್ಪ ದಪ್ಪ!” ಆಕೆ ಎರಡು ಹಾಳೆಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. “ಗೋಡೆಗೆ ಅಂಟಿಸಿದ್ರೆ ಎದುರು ಮನೆಯೋರು ಓದಬಹುದು.”

ಎಲ್ಲರೂ ನಕ್ಕರು. ಕೈಯಲ್ಲಿ ನೀರಿನ ಲೋಟ ಹಿಡಿದು ಕಪಾಟಿಗೆ ಒರಗಿ ನಿಂತಿದ್ದ ಫೈಲಕ್ಕನೂ ನಕ್ಕಳು. ನಾಲ್ಕು ಮಾರು ದೂರದಿಂದ ಆಕೆಗೆ ಅದು ಯಾವ ಹಾಳೆಯೆಂದು ಕಾಣುತ್ತಿರಲಿಲ್ಲ.

“ಏನಮ್ಮಾ ಅದು? ನಂಗೂ ಹೇಳು,” ಎಂದಳು.

“ಫೈಲ್ ನಂಬರು ಅಕ್ಕ. ಒಂದು ಹಾಳೆಗೆ ಒಂದೇ.”

ಆಕೆಯ ನಗು ನಿಂತಿತು. ಮುಖದ ಮೇಲಿನ ನಗು ಹಾಗೇ ಇತ್ತು, ಸದ್ದು ಮಾತ್ರ ನಿಂತಿತು. ಲೋಟವನ್ನು ಕ್ಯಾನಿನ ಮೇಲಿಡಲು ಹೋಗಿ ಅಂಚಿಗಿಟ್ಟಳು, ಅದು ಉರುಳಿತು.

ಗಲಾಟೆಗೆ ಯಜಮಾನರು ಹೊರಬಂದರು. ಬಂದ ಹಾಳೆಗಳು ನೆಲದ ಮೇಲೆಲ್ಲ ಹರಡಿದ್ದವು, ಬರುವುದಿನ್ನೂ ನಿಂತಿರಲಿಲ್ಲ. ನಕ್ಷೆಗಾರ ಆಗಷ್ಟೇ ಓಣಿಗೆ ಬಂದು ನಿಂತಿದ್ದ.

“ಏನಯ್ಯಾ ಇದು? ಯಾಕೆ ಬರ್ತಿದೆ ಇದೆಲ್ಲ?”

‘ನಾನು ತಪ್ಪು ಒತ್ತಿದೆ.’ ಕೊಡಬೇಕಿದ್ದ ಉತ್ತರ ಮೂರು ಪದದ್ದು. ಅದು ಬಾಯಿಗೆ ಬಂದಿತ್ತು ಎಂದೇ ಆತ ಇಂದಿಗೂ ಹೇಳುತ್ತಾನೆ. ಹೊರಬಿದ್ದದ್ದು ಬೇರೆ.

“ಫೈಲಕ್ಕ ವಾರವಾರ ಇಂಥವು ನಲವತ್ತಾರು ಹಾಳೆ ಹೊಡೀತಾರೆ ಸಾರ್. ಅದಕ್ಕೇ ಪ್ರಿಂಟಿನ ಕ್ಯೂ ಕಟ್ಟಿಕೊಂಡಿದ್ದು.”

ಯಂತ್ರ ತನ್ನ ಕೆಲಸ ಮುಂದುವರಿಸಿತ್ತು. ಎಲ್ಲರೂ ಮೊದಲು ಹಾಳೆಗಳನ್ನು ನೋಡಿದರು, ಆಮೇಲೆ ಉರುಳಿದ ಲೋಟವನ್ನು, ಕೊನೆಗೆ ಆಕೆಯನ್ನು. ಫೋನಿನ ಮೇಜಿನಾಕೆ ಎತ್ತಿ ಹಿಡಿದ ಕೈಗಳನ್ನು ಮೆಲ್ಲಗೆ ಇಳಿಸಿದಳು. ಫೈಲಕ್ಕ ಕಪಾಟಿನ ಅಂಚನ್ನು ಸವರುತ್ತ ತನ್ನ ಕೋಣೆಗೆ ಹೋದಳು. ಕೊನೆಗೆ ಕಪಾಟನ್ನು ಸರಿಸಿ ಪ್ಲಗ್ಗು ಕಿತ್ತವನು ಬೇರೆ ಕಡೆ ಅರ್ಜಿ ಹಾಕಿದ್ದ ಆ ಕಿರಿಯ ನಕ್ಷೆಗಾರ.

ಹನ್ನೊಂದಕ್ಕೆ ಸರಿಯಾಗಿ ಕೇಬಲಕ್ಕ ಬಂದಳು. ಆತನ ಕುರ್ಚಿಯಲ್ಲಿ ಕೂತು, ಅಲ್ಲಿ ಇಲ್ಲಿ ಒತ್ತಿ, ಆ ಚೌಕದ ಗುರುತಿನ ಬಳಿ ಕೈ ನಿಲ್ಲಿಸಿದಳು.

“ಇದು ನೀವು ಹಾಕಿದ್ದಾ ಸಾರ್? ಇಲ್ಲಾ ಅದಾಗೇ ಇತ್ತಾ?”

“ಅದಾಗೇ ಇತ್ತು,” ಎಂದ.

ಆಕೆ ಒಂದು ಕ್ಷಣ ಆತನನ್ನು ನೋಡಿದಳು. “ಅದಾಗೇ ಇರಲ್ಲ ಇದು,” ಎಂದು ಗುರುತು ತೆಗೆದಳು. ಅಷ್ಟಕ್ಕೇ ಬಿಟ್ಟಳು. ಬಿಟ್ಟದ್ದು ಹೆಚ್ಚು ಚುಚ್ಚಿತು.

ಆ ಸಂಜೆ ಮನೆಯಲ್ಲಿ ಆತ ನಡೆದದ್ದನ್ನು ಹೆಂಡತಿಗೆ ಹೇಳಿದ. ಆಕೆ ಬಟ್ಟೆಯಂಗಡಿಯೊಂದರಲ್ಲಿ ಅಳತೆ ಸರಿಪಡಿಸುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು. ಆತ ಹೇಳಿದ ಕತೆಯಲ್ಲಿ ಯಂತ್ರ ಹಳೆಯದು, ಗುಂಡಿಗಳು ಒತ್ತೊತ್ತಾಗಿದ್ದವು, ಯಜಮಾನರು ದಿಢೀರನೆ ಕೇಳಿಬಿಟ್ಟರು. ಆಕೆ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು.

“ಹಾಳೆ ಮೆಷಿನ್ನಿಂದ ಬಂತು, ಸರಿ,” ಎಂದಳು. “ಅವರ ಹೆಸರು ಎಲ್ಲಿಂದ ಬಂತು?”

ಆತ ಪಿನ್ನಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

“ಹಾಳೆ ಮೇಲೆ ಹೆಸರಿರಲಿಲ್ಲ ತಾನೇ?”

“ಇರಲಿಲ್ಲ.”

ಆಕೆ ಮತ್ತೆ ಪಿನ್ನು ಕಚ್ಚಿಕೊಂಡು ಲಂಗ ಎತ್ತಿಕೊಂಡಳು. ಆ ರಾತ್ರಿ ಅಡುಗೆಯ ಉಪ್ಪು ಹೆಚ್ಚೋ ಕಮ್ಮಿಯೋ ಆತನಿಗೆ ತಿಳಿಯಲಿಲ್ಲ.

ಫೈಲಕ್ಕ ಹತ್ತು ದಿನ ರಜೆ ಹಾಕಿದಳು. ಯಜಮಾನರೇ ಕಣ್ಣಿನ ವೈದ್ಯರ ಬಳಿಗೆ ಕಳಿಸಿದ್ದರು. ನೋಟದ ನಟ್ಟನಡುವೆ ಮಸುಕು. ಇನ್ನಷ್ಟು ಹರಡದಂತೆ ತಡೆಯಲು ನೋಡಬಹುದು, ಹೋದದ್ದು ಬರುವುದಿಲ್ಲ ಎಂದರಂತೆ ವೈದ್ಯರು. ಆಕೆ ಮರಳಿದ ದಿನ ಯಜಮಾನರು ಫೈಲು ಕೋಣೆಯ ಬಾಗಿಲಲ್ಲಿ ನಿಂತು ಐದು ಅಂಕಿ ಹೇಳಿದರು. ಐದು ಫೈಲುಗಳೂ ಎಂದಿನಂತೆ ನಿಮಿಷದೊಳಗೆ ಬಂದವು. ಕೆಲಸ ಉಳಿಯಿತು. ರಿಜಿಸ್ಟರಿನಲ್ಲಿ ನಮೂದಿಸುವ ಕೆಲಸವನ್ನು ಮಾತ್ರ ಫೋನಿನ ಮೇಜಿಗೆ ವರ್ಗ ಮಾಡಿದರು. ಮೂವತ್ತೊಂದು ವರ್ಷ ಆಕೆಯ ಕೈಯಲ್ಲಿದ್ದ ರಿಜಿಸ್ಟರು. “ನಿಮಗೆ ಹಗುರ ಆಗ್ಲಿ ಅಂತ,” ಎಂದರು ಯಜಮಾನರು. ಆಕೆ ಆಗಲಿ ಎಂದಳು.

ಪ್ರಿಂಟರಿಗೆ ಈಗ ಹೊಸ ವ್ಯವಸ್ಥೆ ಬೇಕಿತ್ತು. ಯಜಮಾನರು ಮತ್ತೆ ಆತನನ್ನೇ ಕರೆದರು. “ನೀನೇ ನೋಡಿ ಹೇಳು. ಒಂದು ಹಾಳೇಲಿ ಬರೆದುಕೊಡು.”

ಅದೇ ಮೂರು ದಾರಿ. ಆತ ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಕೊಂಡು, ಒಂದೇ ಎತ್ತರದ ಅಕ್ಷರಗಳಲ್ಲಿ ಕೈಯಿಂದಲೇ ಬರೆದ. ಪೆಟ್ಟಿಗೆಯೇ ಸೂಕ್ತ. ಒಬ್ಬರ ಕಂಪ್ಯೂಟರು ಆರಿದರೂ ಉಳಿದವರ ಕೆಲಸ ನಿಲ್ಲುವುದಿಲ್ಲ. ಯಾರ ಕಡತವೂ ಯಾರ ಮೇಜಿನ ಮೂಲಕವೂ ಹಾಯುವುದಿಲ್ಲ. ಆಮೇಲೆ ಕೆಳಗೆ ಸೇರಿಸಿದ: ‘ಹಿಂದಿನ ವ್ಯವಸ್ಥೆಯಲ್ಲಿ ಎಲ್ಲರ ಕಡತಗಳೂ ಉಳಿಯುವಂತೆ ಗುರುತು ಹಾಕಿದ್ದು ನಾನೇ. ಅವುಗಳಲ್ಲಿ ಒಂದನ್ನು ತೆಗೆದು ಓದಿದ್ದೂ ಉಂಟು. ಪ್ರಿಂಟು ನಿಧಾನವಾದದ್ದು ಅದರಿಂದ, ಫೈಲು ಕೋಣೆಯಿಂದಲ್ಲ.’

ಯಜಮಾನರು ಎರಡು ಸಲ ಓದಿದರು. ಪ್ರಾಯಶಃ ತಾವು ಮುದ್ರಿಸಿಕೊಂಡದ್ದೆಲ್ಲ ನೆನಪಿಗೆ ಬಂದಿರಬೇಕು, ಕಿವಿ ಕೆಂಪಾಯಿತು.

“ಕೊನೇದು ಬರೀಬೇಕಿತ್ತಾ?”

“ಅದೇ ಬರೀಬೇಕಿದ್ದಿದ್ದು ಸಾರ್.”

“ಹೂಂ. ಪೆಟ್ಟಿಗೆ ತರಿಸು,” ಎಂದು ಹಾಳೆಯನ್ನು ಮಡಿಸಿ ಮೇಜಿನ ಖಾನೆಗೆ ಹಾಕಿದರು. ಬೈಯಲಿಲ್ಲ. ಅಂದಿನಿಂದ ಆತನನ್ನು ಸರ್ವರ್ ಎಂದು ಕರೆಯುವುದನ್ನೂ ಬಿಟ್ಟರು.

ಉಳಿದದ್ದು ಫೈಲು ಕೋಣೆ. ಪೆಟ್ಟಿಗೆ ಬರುವ ಹಿಂದಿನ ದಿನ ಆತ ಅಲ್ಲಿಗೆ ಹೋದ. ಬಾಗಿಲಲ್ಲಿ ನಿಂತ. ಆಕೆ ಕಪಾಟಿನ ಕಡೆ ಮುಖ ಮಾಡಿ ಫೈಲುಗಳ ಬೆನ್ನು ಸವರುತ್ತಿದ್ದಳು.

“ಚಪ್ಪಲಿ ಸದ್ದು ಗೊತ್ತಾಗುತ್ತೆ,” ಎಂದಳು ತಿರುಗದೆ. “ಒಳಗೆ ಬಾ, ಇಲ್ಲಾ ಹೋಗು. ಬಾಗಿಲಲ್ಲಿ ನಿಂತ್ರೆ ಬೆಳಕು ಅಡ್ಡ.”

ಆತ ಒಳಗೆ ಹೋದ. “ಅಕ್ಕ, ನಾನು ಮೊದಲೇ ನೋಡಿದ್ದೆ.”

“ಗೊತ್ತು.”

“ಹೇಗೆ?”

“ನಂಬರು ಓದಿ ಓದಿ ಹೇಳ್ತಿದ್ಯಲ್ಲೋ, ಕಿವುಡಿಗೆ ಹೇಳೋ ಹಾಗೆ.” ಆಕೆ ಒಂದು ಫೈಲನ್ನು ಹೊರಗೆಳೆದು, ತೂಕ ನೋಡಿ, ಮತ್ತೆ ಒಳಗಿಟ್ಟಳು. “ಎಷ್ಟು ದಿನ ಆಗಿತ್ತು?”

“ಮೂರು ತಿಂಗಳು.”

“ಮೂರು ತಿಂಗಳಲ್ಲಿ ಒಂದು ದಿನ ಇಲ್ಲಿ ಬಂದು, ಅಕ್ಕ, ಕಣ್ಣಿಗೇನಾಯ್ತು ಅಂತ ಕೇಳೋಕೆ ಆಗ್ಲಿಲ್ವಾ?”

ತಪ್ಪಾಯಿತು ಎಂದ. ಆ ಪದ ಆ ಕೋಣೆಯಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ಆಕೆ ಅದನ್ನು ಎತ್ತಿಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ.

“ಹೊಸದು ಬರುತ್ತಂತಲ್ಲ,” ಎಂದಳು ಇನ್ನೊಂದು ಫೈಲಿನ ಬೆನ್ನು ಸವರುತ್ತ. “ಅದು ದಪ್ಪಕ್ಷರ ಹೊಡೆಯುತ್ತಾ?”

“ಹೊಡೆಯುತ್ತೆ ಅಕ್ಕ. ಎಷ್ಟು ದಪ್ಪ ಬೇಕಾದ್ರೂ.”

“ನಿನ್ನ ಮೂಲಕ ಹೋಗುತ್ತಾ?”

“ಇಲ್ಲ.”

“ಹಾಗಾದ್ರೆ ಸರಿ,” ಎಂದು ಆಕೆ ಮುಂದಿನ ಕಪಾಟಿಗೆ ಸರಿದಳು.

ಮರುದಿನ ಕೇಬಲಕ್ಕ ಅಂಗೈಯಗಲದ ಆ ಪೆಟ್ಟಿಗೆಯನ್ನು ಕಪಾಟಿನ ಪಕ್ಕ ಗೋಡೆಗೆ ಜಡಿದು ಹೋದಳು. ಅದರ ಮೇಲೆ ಒಂದು ಹಸಿರು ಚುಕ್ಕೆ ಮಿನುಗುವುದನ್ನು ಬಿಟ್ಟರೆ ಬೇರೇನೂ ಇಲ್ಲ. ನಕ್ಷೆಗಾರ ತನ್ನ ಕಂಪ್ಯೂಟರಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಕಾಗದ ಬಂತು, ಅಂಟು ಬರಲಿಲ್ಲ. ಆ ಜಾಗದಲ್ಲಿ ಈಗ ಧೂಳು ಕೂತು ಕಪ್ಪು ಚೌಕವೊಂದು ಕಾಣುತ್ತದೆ.

ಮೊದಲ ಶುಕ್ರವಾರ ನಾಲ್ಕು ಗಂಟೆಗೆ ಓಣಿಯಲ್ಲಿ ಪ್ರಿಂಟರು ಶುರುವಾಯಿತು. ಯಾರೂ ಮೇಲೇಳಲಿಲ್ಲ. ಆತನ ಎದುರು ಪಟ್ಟಿ ಇರಲಿಲ್ಲ. ಆದರೆ ಪ್ರತಿ ಹಾಳೆ ತಟ್ಟೆಗೆ ಬೀಳುವಾಗ ಸಣ್ಣದೊಂದು ಸದ್ದಾಗುತ್ತದೆ, ಅದಕ್ಕೆ ಕಿವಿ ತಾನಾಗಿಯೇ ಲೆಕ್ಕ ಹಿಡಿಯಿತು. ನಲವತ್ನಾಲ್ಕು, ನಲವತ್ತೈದು, ನಲವತ್ತಾರು. ಯಂತ್ರ ನಿಲ್ಲಲಿಲ್ಲ. ನಲವತ್ತೇಳು. ನಲವತ್ತೆಂಟು. ಅಕ್ಷರ ಇನ್ನಷ್ಟು ದಪ್ಪವಾಗಿ, ಒಂದು ಹಾಳೆಗೆ ಈಗ ಎರಡು ಸಾಲು ಹಿಡಿಸುತ್ತಿಲ್ಲವೆಂದು ಆತನಿಗೆ ಹೊಳೆಯಿತು. ಐವತ್ತರ ಹೊತ್ತಿಗೆ ಕುರ್ಚಿ ಸರಿಸಿ ಎದ್ದ, ಓಣಿಯನ್ನು ತಲೆ ತಗ್ಗಿಸಿ ದಾಟಿದ, ಸದ್ದು ಕೇಳದಷ್ಟು ಮೆಟ್ಟಿಲು ಇಳಿದು, ಬೀಗದ ಅಂಗಡಿಯ ಮುಂದೆ ನಿಂತುಕೊಂಡ.